ಕಾಕಾನ ಗಿಟಾರಿಗೊಂದು ಹಳೆಯ ಮಷಿನ್

ನನಗೊಂದು ಚಟ ಅಂಟಿಕೊಂಡಿದೆ. ಯಾರ ಮನೆಗೆ ಹೋದರೂ ಅಲ್ಲಿ ಕರೆಂಟಿನಿಂದ ನಡೆಯುವ ವಸ್ತುವೊಂದು ಕಂಡರೆ ಅದಕ್ಕೆ ಕಿವಿ ಹಚ್ಚಿ ನಿಲ್ಲುತ್ತೇನೆ. ಫ್ರಿಜ್ಜು, ಟ್ಯೂಬ್‌ಲೈಟಿನ ಚೋಕು, ನಮ್ಮ ಶಾಲೆಯಲ್ಲಿ ಪ್ರಾರ್ಥನೆಗೆ ಇಡುವ ಮೈಕು, ಎಲ್ಲದರ ಹೊಟ್ಟೆಯೊಳಗೂ ಒಂದು 'ಗುಂಯ್' ಇರುತ್ತದೆ. ನೀವು ಗಮನಿಸಿರಲಿಕ್ಕಿಲ್ಲ. ಮೊನ್ನೆ ಸಹೋದ್ಯೋಗಿಯೊಬ್ಬಳ ಹೊಸ ಮನೆಯ ಪೂಜೆಗೆ ಹೋದಾಗಲೂ ಹೀಗೇ ಆಯಿತು. ಅವಳ ಹೊಸ ಫ್ರಿಜ್ಜಿಗೆ ಕೆನ್ನೆ ಆನಿಸಿ ನಿಂತಿದ್ದೆ. ಅವಳು ಗಾಬರಿಯಿಂದ ಓಡಿ ಬಂದು, "ಯಾಕ್ರಿ ಅಕ್ಕಾರ, ಏನರ ಕೆಟ್ಟೈತೇನು?" ಎಂದಳು. "ಇಲ್ಲವಾ, ಛಲೋ ಐತಿ. ಭಾಳ ಕಡಿಮಿ ಗುಂಯ್‌ಗುಡತೈತಿ" ಎಂದೆ. ಮುದ್ದೇಬಿಹಾಳದಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿ ಗಳಿಸಿದ್ದ ಮರ್ಯಾದೆ ಅಂದು ಅವಳ ಅಡುಗೆಮನೆಯಲ್ಲಿ ಸ್ವಲ್ಪ ಸೋರಿಹೋಯಿತೆಂದು ಕಾಣುತ್ತದೆ.

ಈ ಚಟ ಬಂದದ್ದು ಕಳೆದ ವರ್ಷ, ನಮ್ಮ ಕಾಕಾನ ಗಿಟಾರಿಗೆ ಒಂದು ಹಳೆಯ ಆಂಪ್ಲಿಫೈಯರ್ ಹುಡುಕುತ್ತ ಅಲೆದಾಗ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಸಿಂದಗಿಯ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತನಾದವನು. ಹಗಲು ಎಮ್ಮೆಗೆ ಸೂಜಿ ಚುಚ್ಚಿ ಬಂದು, ಸಂಜೆ ಕೈ ತಿಕ್ಕಿ ತಿಕ್ಕಿ ತೊಳೆದು ಗಿಟಾರಿನ ಮುಂದೆ ಕೂಡುತ್ತಿದ್ದ. ಗಿಟಾರು ಎಂದ ಕೂಡಲೇ ಕಾಲೇಜು ಹುಡುಗರು ಕೊರಳಿಗೆ ಹಾಕಿಕೊಂಡು ಕುಣಿಯುವುದನ್ನು ನೆನೆಯಬೇಡಿ. ಇದು ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಿಂದ ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಹವಾಯಿಯನ್ ಗಿಟಾರು. ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಜಿಗಿಯುವುದಿಲ್ಲ, ಜಾರುತ್ತದೆ. ನಾವು ಮಾತಾಡುವಾಗ ದನಿ ಏರಿ ಇಳಿಯುವ ಹಾಗೆ. ಕಾಕಾ ಅದನ್ನು ಸೊಲ್ಲಾಪುರದಲ್ಲಿ ಒಬ್ಬ ಮಾಸ್ತರರ ಹತ್ತಿರ ಭಾನುವಾರಕ್ಕೊಮ್ಮೆ ಹೋಗಿ ಕಲಿತಿದ್ದ. ನಾಲ್ವರು ಗೆಳೆಯರೊಂದಿಗೆ ಸೇರಿ ಸುತ್ತಲಿನ ಊರುಗಳ ಮದುವೆಗಳಲ್ಲಿ ನುಡಿಸುತ್ತಿದ್ದ.

ನನಗಾಗ ಹತ್ತು ವರ್ಷ. ಆ ಮೇಳದಲ್ಲಿ ನನ್ನದೂ ಒಂದು ಹುದ್ದೆ ಇತ್ತು. ಮೆಟಡೋರ್ ಗಾಡಿಯಲ್ಲಿ ಮಷಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂಡುವುದು. ಮಷಿನ್ ಎಂದರೆ ಆಂಪ್ಲಿಫೈಯರ್. ನಮ್ಮ ಕಡೆ ಎಲ್ಲರೂ ಹಾಗೇ ಕರೆಯುವುದು. ಅದರೊಳಗೆ ಗಾಜಿನ ವಾಲ್ವುಗಳಿದ್ದವು, ರಸ್ತೆಯ ತಗ್ಗುದಿಣ್ಣೆಗೆ ಅವು ಅಲುಗಬಾರದು. "ನೆಲದ ಮ್ಯಾಲ ಇಟ್ರ ಒಡೀತಾವ, ನಿನ್ನ ತೊಡಿ ಮ್ಯಾಲ ಇದ್ರ ಒಡ್ಯಾಂಗಿಲ್ಲ" ಎಂದು ಕಾಕಾ ಹೇಳಿದ್ದನ್ನು ನಾನು ದೊಡ್ಡ ಗೌರವ ಎಂದುಕೊಂಡಿದ್ದೆ. ನಾನು ದಪ್ಪಗಿದ್ದೆ ಎಂಬುದಷ್ಟೇ ಅದರ ಅರ್ಥವೆಂದು ಹೊಳೆಯಲು ಬಹಳ ವರ್ಷ ಹಿಡಿಯಿತು. ಸ್ವಿಚ್ ಹಾಕಿದರೆ ಆ ಮಷಿನ್ ತಟ್ಟನೆ ಮಾತಾಡುತ್ತಿರಲಿಲ್ಲ. ವಾಲ್ವು ಕಾಯಬೇಕು, ಅದು ಕಾಯುವ ತನಕ ನಾವೂ ಕಾಯಬೇಕು. ಕನ್ನಡದಲ್ಲಿ ಈ ಎರಡಕ್ಕೂ ಒಂದೇ ಕ್ರಿಯಾಪದ ಯಾಕಿದೆ ಎಂದು ಶಾಲೆಯಲ್ಲಿ ಮಕ್ಕಳು ಕೇಳಿದಾಗಲೆಲ್ಲ ನನಗೆ ಆ ಮಷಿನ್ನೇ ನೆನಪಾಗುತ್ತದೆ.

ಒಮ್ಮೆ ಬಸವನ ಬಾಗೇವಾಡಿಯ ಮದುವೆಯೊಂದರಲ್ಲಿ ನಾನೂ ಹಾಡಿದೆ. ಎರಡನೆಯ ನುಡಿ ಮರೆತುಹೋಗಿ ಬಾಯಿ ತೆರೆದು ನಿಂತೆ. ಆಗ ಕಾಕಾನ ಗಿಟಾರು ಅದೇ ನುಡಿಯನ್ನು ಹಾಡಿಬಿಟ್ಟಿತು. ಜನ ಚಪ್ಪಾಳೆ ತಟ್ಟಿದರು. ಹುಡುಗಿ ಹಾಡುವುದು, ಗಿಟಾರು ಉತ್ತರ ಕೊಡುವುದು ಎಂದು ಮೊದಲೇ ಗೊತ್ತು ಮಾಡಿಕೊಂಡಿದ್ದಾರೆ ಎಂದು ತಿಳಿದರು. ನಾನೂ ಹಾಗೇ ತಿಳಿದು ಒಂದು ವಾರ ಬೀಗಿದೆ.

ಕಾಲ ಕಳೆದಂತೆ ಮದುವೆಗಳಿಗೆ ದೊಡ್ಡ ದೊಡ್ಡ ಸ್ಪೀಕರ್ ಬಾಕ್ಸುಗಳು ಬಂದವು, ಕಾಕಾನ ಮೇಳ ಚದುರಿತು. ಗಿಟಾರು, ಮಷಿನ್ ಎರಡೂ ಅಟ್ಟ ಏರಿದವು. ಆಮೇಲೆ ಮೂರು ವರ್ಷದ ಹಿಂದೆ ಕಾಕಾನ ದನಿ ಒಡೆಯಿತು. ಬೀಡಿಯ ಕೆಮ್ಮು ಎಂದುಕೊಂಡರು. ಸೊಲ್ಲಾಪುರಕ್ಕೆ ಒಯ್ದಾಗ ಗಂಟಲಲ್ಲಿ ಗಂಟು ಎಂದು ಗೊತ್ತಾಯಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕೆಂದರು ಡಾಕ್ಟರು. ತೆಗೆದರು. ಜೀವ ಉಳಿಯಿತು. ಕೊರಳಿನ ಕೆಳಗೆ ಉಸಿರಾಡಲಿಕ್ಕೊಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಕೊರಳಿಗೆ ಹಿಡಿದು ಮಾತಾಡುವ ಒಂದು ಯಂತ್ರ ಸಿಗುತ್ತದೆಂದು ತರಿಸಿಯೂ ಕೊಟ್ಟೆವು. ಎರಡು ದಿನ ಹಿಡಿದು ನೋಡಿ ಕಾಕಾ ಅದನ್ನು ಕಪಾಟಿಗೆ ಹಾಕಿದ. ಅದರಲ್ಲಿ 'ಹಸಿವಾಗೈತಿ' ಅಂದರೂ, 'ಬಾ ಮಗಳ' ಅಂದರೂ ಒಂದೇ ದನಿ.

ನಾನು ಮಕ್ಕಳ ಪಾಟಿಯೊಂದನ್ನು ಕೊಟ್ಟೆ. ಬರೆದು ಗುಂಡಿ ಒತ್ತಿದರೆ ಅಳಿಸಿಹೋಗುವ ಪ್ಲಾಸ್ಟಿಕ್ಕಿನ ಪಾಟಿ. ಕೆಲವು ತಿಂಗಳು ಅದರಲ್ಲಿ ಬರೆದ. ಜನ ಅವನ ಮುಂದೆ ನಿಂತು ಕಿವುಡನೊಂದಿಗೆ ಮಾತಾಡುವಂತೆ ಒದರುತ್ತಿದ್ದರು. ಮೊದಮೊದಲು 'ಕಿವಿ ಛಲೋ ಅದಾವ' ಎಂದು ಬರೆದು ತೋರಿಸುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ಯಾರಾದರೂ ಬಂದರೆ ಗೋಡೆಯ ಕಡೆ ಹೊರಳಿ ಮಲಗಿಬಿಡುತ್ತಿದ್ದ.

ಹೋದ ವರ್ಷ ರಜೆಗೆ ನಾನು ಸಿಂದಗಿಗೆ ಹೋದಾಗ ಪಡಸಾಲೆಯಲ್ಲಿ ಸುಟ್ಟ ವಾಸನೆ. ಕಾಕಾ ಅಟ್ಟದಿಂದ ಗಿಟಾರು ಇಳಿಸಿ, ಧೂಳು ಒರೆಸಿ, ಮಷಿನ್ನಿಗೆ ಕರೆಂಟು ಕೊಟ್ಟಿದ್ದ. ಇಲಿಗಳು ಒಳಗಿನ ವಾಯರು ತಿಂದಿದ್ದವು. ಹೊಗೆ ಎದ್ದು ಎಲ್ಲ ಸುಟ್ಟುಹೋಗಿತ್ತು. ಕಾಕಾ ಪಾಟಿ ಎತ್ತಿಕೊಂಡು ನನಗೆ ಬರೆದು ತೋರಿಸಿದ: 'ಇಂಥದ ಇನ್ನೊಂದು ಹುಡುಕಿ ಕೊಡ್ತೀ? ಹಳೇದ ಇರ್ಲಿ. ದನಿ ಸ್ವಚ್ಛ ಇರಬೇಕು.'

ಅಡುಗೆಮನೆಯಲ್ಲಿ ಚಿಗವ್ವ, ಅಂದರೆ ಕಾಕಾನ ಹೆಂಡತಿ ಗೌರಿ, ನನ್ನ ಕೈ ಹಿಡಿದುಕೊಂಡಳು. "ವರ್ಷದ ಮ್ಯಾಲಾತವಾ, ಬಾಯಿಬಿಟ್ಟು, ಅಲ್ಲ, ಕೈಬಿಟ್ಟು ಏನೂ ಕೇಳಿದ್ದಿಲ್ಲ. ಹಸಿವು ಆಗೈತೋ ಇಲ್ಲೋ ಅದೂ ನನಗ ತಿಳಿಯೂದಿಲ್ಲ. ಇದೊಂದ ಕೇಳ್ಯಾರ ನೋಡು" ಎಂದಳು. ಅವಳು ಅಳಲಿಲ್ಲ. ನನ್ನ ಕೈ ಮಾತ್ರ ಬಹಳ ಹೊತ್ತು ಬಿಡಲಿಲ್ಲ.

ನಾನು ಉತ್ಸಾಹದಲ್ಲಿ ಮೊದಲ ಕೆಲಸವನ್ನೇ ಕೆಡಿಸಿದೆ. ಫೋನಿನಲ್ಲಿ ಹುಡುಕಿ, ಯಾರೋ ಬಳಸಿ ಬಿಟ್ಟ ಕರಿ ಡಬ್ಬಿಯೊಂದನ್ನು ತರಿಸಿದೆ. ಹನ್ನೊಂದು ಗುಂಡಿಗಳು, ನೀಲಿ ದೀಪಗಳು. ಇಷ್ಟು ಗುಂಡಿಗಳಿದ್ದರೆ ಒಂದರಲ್ಲಾದರೂ ಒಳ್ಳೆಯ ದನಿ ಇರಲೇಬೇಕೆಂದು ನನ್ನ ಲೆಕ್ಕ. ಕಾಕಾ ಗಿಟಾರಿನ ವಾಯರು ಚುಚ್ಚಿ ಒಂದು ತಂತಿ ಮೀಟಿದ. ದನಿ ಗೊಗ್ಗರಾಗಿ, ಬಾವಿಯೊಳಗಿಂದ ಬಂದಂತೆ ನಾಲ್ಕು ಸಲ ಮರುದನಿಗೊಟ್ಟು ಬಂತು. "ತಡಿ ಕಾಕಾ, ಈ ಗುಂಡಿ ತಿರುವಿದ್ರ ಕಡಿಮಿ ಆಗ್ತೈತಿ" ಎಂದು ನಾನು ಹನ್ನೊಂದನ್ನೂ ತಿರುವಿದೆ. ಗೊಗ್ಗರು ಕಡಿಮೆಯಾದರೆ ದನಿ ತಗಡಿನಂತಾಗುತ್ತಿತ್ತು. ಕಾಕಾ ಸಮಾಧಾನದಿಂದ ವಾಯರು ಕಿತ್ತು, ಪಾಟಿಯಲ್ಲಿ ಬರೆದ: 'ಇದು ಛಲೋ ಮಾತಾಡ್ತೈತಿ. ಆದರ ಮಾತಾಡಾಂವ ನಾ ಅಲ್ಲ.'

ಡಬ್ಬಿ ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಹೋಯಿತು. ಉಳಿದ ದುಡ್ಡು ಕಡಿಮೆ, ತಿಳಿವಳಿಕೆ ಅದಕ್ಕಿಂತ ಕಡಿಮೆ. ಬಸವನ ಬಾಗೇವಾಡಿಯಲ್ಲಿ ಹಳೆಯ ರೇಡಿಯೋ ರಿಪೇರಿಯವರೊಬ್ಬರು ಇದ್ದಾರೆಂದು ಯಾರೋ ಹೇಳಿದರು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿದೆ.

ಚನ್ನಪ್ಪನವರ ಅಂಗಡಿ ಎಂದರೆ ಒಂದು ಮೇಜು, ಒಂದು ಕುರ್ಚಿ, ಉಳಿದದ್ದೆಲ್ಲ ಮಿಕ್ಸರು ಮತ್ತು ಚಾರ್ಜರುಗಳ ರಾಶಿ. ಅರವತ್ತೈದರ ಆಸುಪಾಸಿನ ತೆಳ್ಳನೆಯ ಮನುಷ್ಯ. ನಾನು ಎಲ್ಲ ಹೇಳುವ ತನಕ ಮಿಕ್ಸರಿನಿಂದ ಕಣ್ಣೆತ್ತಲಿಲ್ಲ. ಕಾಕಾ ಬರೆದ ಮಾತು ಹೇಳಿದಾಗ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಅಕ್ಕಾರ, ಮಷಿನ್ ತಗೊಳ್ಳಾವ್ರು ಎಲ್ಲಾರೂ ಒಂದ ತಪ್ಪು ಮಾಡ್ತಾರ. ಹಾಡು ಹಚ್ಚಿ ಕೇಳ್ತಾರ. ಹಂಗ ಕೇಳಬಾರದು. ಏನೂ ನುಡಸದ, ಬರೇ ಚಾಲೂ ಮಾಡಿ ಕೇಳಬೇಕು. ಮಷಿನ್ ಸುಮ್ಮ ಕುಂತಾಗ ಎಷ್ಟು ಗುಂಯ್ ಅಂತೈತಿ, ಅಷ್ಟು ಹೊಲಸು ನಿಮ್ಮ ಹಾಡಿನ್ಯಾಗ ಕೂಡ್ತೈತಿ."

"ಅಂಥಾದ್ದು ಎಲ್ಲಿ ಸಿಗತೈತ್ರಿ?"

ಅವರು ಯೋಚಿಸಿ ಹೇಳಿದರು: "ಇಂಡ್ಯಾಗ ಒಬ್ಬಾಕಿ ಮುದುಕಿ ಅದಾಳ, ಗಂಗವ್ವ ಅಂತ. ಆಕಿ ಗಂಡ ಜೀಪಿಗೆ ಮೈಕಿನ ಕರಣಿ ಕಟ್ಟಿ ಊರೂರು ಸಾರಿಕೋತ ತಿರಗಾಂವ. ಆತನ ವಾಲ್ವ್ ಮಷಿನ್ ನಾನ ಎರಡು ಸಲ ರಿಪೇರಿ ಮಾಡೇನಿ. ಗಟ್ಟಿ ಮಾಲು. ಆತ ಹೋಗಿ ಹತ್ತು ವರ್ಷಾತು, ಆಕಿ ಅದನ್ನ ಯಾರಿಗೂ ಕೊಟ್ಟಿಲ್ಲ. ಕೇಳಿ ನೋಡ್ರಿ."

ಮರುವಾರ ಇಂಡಿಗೆ ಹೋದೆ. ಊರಂಚಿನ ನಿಂಬೆಯ ತೋಟದಲ್ಲಿ ಮನೆ. ಗಂಗವ್ವ ಬಿದ್ದ ನಿಂಬೆಹಣ್ಣು ಆರಿಸುತ್ತಿದ್ದಳು. ಮಷಿನ್ ಎಂದ ಕೂಡಲೇ ಮುಖ ಬಿಗಿಯಿತು.

"ಗುಜರಿಯಾಕಿ ಏನು ನೀ?"

"ಅಲ್ರಿ ಆಯಿ, ಸಾಲಿ ಕಲಸಾಕಿ."

"ಹಿಂದ ಒಬ್ಬಾಂವ ಬಂದಿದ್ದ, ಹಾಡಿನ ಪ್ಲೇಟು ಹಚ್ಚೂ ಪೆಟಿಗಿ ಒಯ್ದ. ಹಾಡು ಕೇಳ್ತೇನಿ ಅಂದಿದ್ದ. ಮರದಿನ ನೋಡಿದ್ರ ಸಂತ್ಯಾಗ ಅದನ್ನ ಬಿಚ್ಚಿ ತಾಮ್ರದ ತಂತಿ ತೂಗಾಕತ್ತಿದ್ದ. ನಮ್ಮ ಮನಿಯವ್ರು ಉಣದ ಉಪವಾಸ ಇದ್ದು ತಗೊಂಡಿದ್ದ ಪೆಟಿಗಿ ಅದು." ಅವಳು ನಿಂಬೆಹಣ್ಣನ್ನು ಬುಟ್ಟಿಗೆ ಜೋರಾಗಿ ಒಗೆದಳು.

ನಾನು ಕಾಕಾನ ಕಥೆ ಹೇಳಿದೆ. ಕೇಳಿ ಅವಳು ಬುಟ್ಟಿ ಪಕ್ಕಕ್ಕೆ ಸರಿಸಿದಳು. "ನಿನ್ನ ಮಾತು ಖರೇ ಇರಬಹುದು. ಆದರ ಎತ್ತು ಕೊಳ್ಳಾವ ತಾನ ಬಂದು ಹಲ್ಲು ನೋಡ್ತಾನ. ನುಡಸಾವನ್ನ ಕರಕೊಂಡು ಬಾ. ನಾ ಆತನ್ನ ನೋಡಬೇಕು, ಆಮ್ಯಾಲ ಹೇಳ್ತೇನಿ."

ಸಿಂದಗಿಗೆ ಬಂದು ಹೇಳಿದಾಗ ಕಾಕಾ ಪಾಟಿಯಲ್ಲಿ ಎರಡೇ ಶಬ್ದ ಬರೆದ: 'ನಾ ಬರೂದಿಲ್ಲ.' ನಾನು ವಾದ ಮಾಡಿದೆ, ಗೋಗರೆದೆ, ಶಾಲೆಯಲ್ಲಿ ಹಟಮಾರಿ ಮಕ್ಕಳಿಗೆ ಹೇಳುವುದನ್ನೆಲ್ಲ ಹೇಳಿದೆ. ಅವನು ಕೊರಳಿನ ಬಟ್ಟೆ ಸರಿಪಡಿಸಿಕೊಂಡು ಗೋಡೆಯ ಕಡೆ ಹೊರಳಿದ. ಬಸ್ಸಿನಲ್ಲಿ ಜನ ನೋಡುತ್ತಾರೆ, ಮಕ್ಕಳು ಬೆರಳು ಮಾಡುತ್ತಾರೆ. ಅದು ಬರೆಯದೆಯೇ ನನಗೆ ತಿಳಿಯಿತು.

ಒಳಗಿನಿಂದ ಚಿಗವ್ವ ಬಂದು ಬಾಗಿಲಲ್ಲಿ ನಿಂತಳು. "ಬಿಡವಾ, ಯಾಕ ಕಾಡ್ತಿ? ಆ ಮುದುಕಿನೂ ಎಷ್ಟು ದಿನ ಕಾಯ್ತಾಳ. ಆಕಿ ಹಿಂದ ಆ ಮಷಿನ್ನೂ ಗುಜರಿಗಿ ಹೋಗ್ತೈತಿ. ತಾಮ್ರರ ಬರ್ತೈತಿ ಯಾರಿಗರ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಎದ್ದಾಗ ಕಾಕಾ ಕೋಟು ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಗಿಟಾರು ಚಾದರದಲ್ಲಿ ಸುತ್ತಿಕೊಂಡು ತೊಡೆಯ ಮೇಲಿತ್ತು.

ಬಸ್ಸಿನಲ್ಲಿ ಕಂಡಕ್ಟರು, "ಎಲ್ಲಿಗ್ರಿ ಯಜಮಾನ್ರ?" ಎಂದು ಕಾಕಾನನ್ನೇ ಕೇಳಿದ. ಕಾಕಾ ಪಾಟಿಯ ಮೇಲೆ ಕೈ ಇಡುವಷ್ಟರಲ್ಲಿ ನಾನು, "ಇಂಡಿ ಎರಡು ಕೊಡ್ರಿ, ಅವರಿಗೆ ಮಾತು ಬರೂದಿಲ್ಲ" ಎಂದುಬಿಟ್ಟೆ. ಕಾಕಾ ಬರೆದು ಪಾಟಿಯನ್ನು ನನ್ನ ತೊಡೆಯ ಮೇಲಿಟ್ಟ. 'ನಾನ ಹೇಳಾವಿದ್ದೆ.' ನಾನು ಓದಿದ ಮೇಲೆ ತಾನೇ ಗುಂಡಿ ಒತ್ತಿ ಅಳಿಸಿದ. ಇಪ್ಪತ್ತಾರು ವರ್ಷ ಮಕ್ಕಳಿಗೆ 'ನಿಮ್ಮ ಮಾತಿನಲ್ಲೇ ಬರೆಯಿರಿ' ಎಂದು ಹೇಳಿಕೊಂಡು ಬಂದವಳು ನಾನು. ಇಂಡಿ ಬರುವ ತನಕ ತಲೆ ಎತ್ತಲಿಲ್ಲ.

ಭಾನುವಾರ ಬರುತ್ತೇವೆಂದು ನಾನು ಮೊದಲೇ ಹೇಳಿಟ್ಟಿದ್ದರಿಂದ ಚನ್ನಪ್ಪನವರು ನಮಗಿಂತ ಮುಂಚೆ ಬಂದು ನಿಂಬೆಗಿಡದ ಕೆಳಗೆ ಚಹಾ ಕುಡಿಯುತ್ತಿದ್ದರು. "ಆಯ್ತವಾರ ಅಂಗಡಿ ಬಂದ್ ಇರತೈತ್ರಿ. ಹಳೇ ಮಷಿನ್, ಕಣ್ಣಿಲೆ ನೋಡೂನು ಅಂತ ಬಂದೆ" ಎಂದರು. ಗಂಗವ್ವ ಪಡಸಾಲೆಯ ಮೂಲೆಯಲ್ಲಿ ಹಳೆಯ ಸೀರೆ ಹೊದಿಸಿಟ್ಟಿದ್ದ ಮಷಿನ್ನನ್ನು ತಾನೇ ಬಿಚ್ಚಿದಳು. ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ಮೂರೇ ಗುಂಡಿ. ಮೇಲೆ ಒಂದು ಕಡೆ ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಅವಳ ಗಂಡ ಮೈಕು ಹಿಡಿದು ಸಾರುವಾಗ ಇನ್ನೊಂದು ಕೈ ಇಡುತ್ತಿದ್ದ ಜಾಗವಂತೆ.

ಚನ್ನಪ್ಪನವರು ತಳ ಬಿಚ್ಚಿ, ಧೂಳು ಊದಿ, ಒಂದು ಬಲ್ಬಿನ ಮೂಲಕ ಅದಕ್ಕೆ ಕರೆಂಟು ಕೊಟ್ಟರು. ಹತ್ತು ವರ್ಷ ಮಲಗಿದ್ದಕ್ಕೆ ಒಮ್ಮೆಲೇ ಪೂರ್ತಿ ಕರೆಂಟು ಕೊಡಬಾರದಂತೆ. "ಬಲ್ಬು ಉರದು ಮಂದ ಆದ್ರ ಮಷಿನ್ ಬದುಕೈತಿ. ಹಂಗ ಉರಕೋತ ಉಳದ್ರ ಕಥಿ ಮುಗೀತು." ಬಲ್ಬು ಝಗ್ಗೆಂದು ಉರಿಯಿತು. ನಾವು ನಾಲ್ವರೂ ಅದನ್ನೇ ನೋಡುತ್ತ ನಿಂತೆವು. ನಿಧಾನಕ್ಕೆ ಅದು ಕೆಂಪಾಗಿ, ಮಂಕಾಗಿ, ನಂದಿದಂತಾಯಿತು. ಪೆಟ್ಟಿಗೆಯ ಒಳಗೆ ವಾಲ್ವುಗಳು ಕಿತ್ತಳೆ ಬಣ್ಣಕ್ಕೆ ತಿರುಗಿದವು. ಚನ್ನಪ್ಪನವರು ತಂದು ಜೋಡಿಸಿದ್ದ ಸ್ಪೀಕರಿನಿಂದ ದೊಡ್ಡದೊಂದು ಗುಂಯ್ ಎದ್ದಿತು. ಚನ್ನಪ್ಪನವರು ಆರಿಸಿ, ಒಣಗಿದ್ದ ಎರಡು ಕಂಡೆನ್ಸರು ಕಿತ್ತು ಬೇರೆ ಹಾಕಿದರು. ಮತ್ತೆ ಕಾದೆವು. ಈ ಸಲ ಗುಂಯ್ ತೋಟದ ಆಚೆ ತುದಿಯ ಜೇನುಹುಳದಷ್ಟು ಸಣ್ಣದಾಯಿತು. ಕಾಕಾ ಕಣ್ಣು ಮುಚ್ಚಿ ಅದನ್ನು ಕೇಳುತ್ತಿದ್ದ.

ನಾನು ಗಿಟಾರಿನ ವಾಯರನ್ನು ಮೈಕಿನ ತೂತಿಗೆ ಚುಚ್ಚಲು ಹೋದೆ. "ಅಲ್ಲೆ ಬ್ಯಾಡ್ರಿ, ಒದರತೈತಿ. ಅದು ಮೈಕಿನ ಸಣ್ಣ ದನಿ ದೊಡ್ಡದು ಮಾಡೂ ಜಾಗ, ಗಿಟಾರಿಂದು ಮೊದಲ ಜೋರೈತಿ. ಹಾಡಿನ ಪ್ಲೇಟಿನ ತೂತಿಗಿ ಹಾಕ್ರಿ" ಎಂದರು ಚನ್ನಪ್ಪನವರು. ನನ್ನ ಹನ್ನೊಂದು ಗುಂಡಿಗಳಲ್ಲಿ ಸಿಗದಿದ್ದದ್ದು ಒಂದು ತೂತಿನ ಪಕ್ಕದ ಇನ್ನೊಂದು ತೂತಿನಲ್ಲಿತ್ತು.

ಕಾಕಾ ಒಂದೇ ಸ್ವರ ಮೀಟಿದ. ಸಾರಿಸಿದ ಅಂಗಳದಲ್ಲಿ ರಂಗೋಲಿಯ ಒಂದೇ ಚುಕ್ಕಿ ಇಟ್ಟ ಹಾಗೆ ಅದು ಬಂದು ನಿಂತಿತು. ಸುತ್ತ ಏನೂ ಇರಲಿಲ್ಲ. ಕಾಕಾ ಉಕ್ಕಿನ ತುಂಡನ್ನು ತುಸು ಜಾರಿಸಿದ. ಆ ಜಾರುವಿಕೆಯೂ ಇದ್ದ ಹಾಗೇ ಕೇಳಿಸಿತು.

ಗಂಗವ್ವ ಎದ್ದು ಅವನ ಎದುರು ಬಂದು ಕೂತಳು. "ತಮ್ಮಾ, ಇದನ್ನ ಬಿಚ್ಚಿ ಮಾರೂದಿಲ್ಲಲಾ?" ಎಂದಳು. ಒದರಿ ಕೇಳಲಿಲ್ಲ, ಎಲ್ಲರಿಗೂ ಕೇಳುವಂತೆ ಕೇಳಿದಳು. ಕಾಕಾ ಪಾಟಿಯಲ್ಲಿ ಬರೆದು ತೋರಿಸಿದ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನನಗ ಓದಾಕ ಬರೂದಿಲ್ಲಪಾ" ಎಂದಳು.

ಎಲ್ಲರೂ ನನ್ನ ಕಡೆ ನೋಡಿದರು. ಓದಿ ಹೇಳಲು ಬಾಯಿ ತೆರೆದವಳು ತಡೆದುಕೊಂಡೆ. ಕಾಕಾ ನನ್ನ ಮುಖ ನೋಡಿದ, ಪಾಟಿ ಪಕ್ಕಕ್ಕಿಟ್ಟ, ಉಕ್ಕಿನ ತುಂಡು ಹಿಡಿದು ನುಡಿಸತೊಡಗಿದ. ಮದುವೆಮನೆಗಳಲ್ಲಿ ಹೆಣ್ಣುಮಕ್ಕಳು ಹೇಳುವ ಸೋಬಾನೆಯ ಧಾಟಿ. ಒಂದು ಸಾಲು ನುಡಿಸಿ ನಿಲ್ಲಿಸಿದ. ಸೋಬಾನೆಯಲ್ಲಿ ಹಾಗೆ ನಿಲ್ಲಿಸಿದರೆ ಎದುರಿಗಿದ್ದವರು ಸಾಲು ಎತ್ತಿಕೊಳ್ಳಬೇಕು. ಗಂಗವ್ವ ಸೆರಗು ಬಾಯಿಗೆ ಹಚ್ಚಿಕೊಂಡಳು. ಆಮೇಲೆ ಸೆರಗು ತೆಗೆದು, ಒಡಕು ದನಿಯಲ್ಲಿ ಸಾಲು ಎತ್ತಿಕೊಂಡಳು. ಕಾಕಾ ಮುಂದಿನದು ನುಡಿಸಿದ, ಅವಳು ಹೇಳಿದಳು. ಐದಾರು ನುಡಿ ಹಾಗೆ ನಡೆಯಿತು. ಚನ್ನಪ್ಪನವರು ಬಾಗಿಲ ಕಡೆ ಮುಖ ತಿರುಗಿಸಿ ಕನ್ನಡಕ ಒರೆಸುತ್ತಿದ್ದರು.

"ಒಯ್ಯಪಾ. ನಿನ್ನ ಮಾತು ತಿಳೀತು" ಎಂದಳು ಗಂಗವ್ವ.

ಬೆಲೆಯನ್ನು ಚನ್ನಪ್ಪನವರೇ ಹೇಳಿದರು. ನನ್ನ ಕೈಯಲ್ಲಿದ್ದುದಕ್ಕೆ ಅದು ಹೊಂದಿತು. ಚೌಕಾಸಿ ಮಾಡುವ ನನ್ನ ಹಳೆಯ ರೋಗ ಅಂದು ಬಾಯಿಗೆ ಬರಲಿಲ್ಲ. ಗಂಗವ್ವ ಮಷಿನ್ನಿನ ಸವೆದ ಜಾಗದ ಮೇಲೆ ಒಮ್ಮೆ ಅಂಗೈ ಇಟ್ಟು ತೆಗೆದಳು. ಹೊರಡುವಾಗ ಕಾಕಾನ ಕೋಟಿನ ಎರಡೂ ಜೇಬಿಗೆ ನಿಂಬೆಹಣ್ಣು ತುಂಬಿದಳು. ವಾಪಸು ಬರುವಾಗ ಕಂಡಕ್ಟರಿಗೆ ಕಾಕಾನೇ ಪಾಟಿ ತೋರಿಸಿ ಟಿಕೆಟ್ ತೆಗೆದ.

ಸಿಂದಗಿ ಮುಟ್ಟಿದಾಗ ಹೊತ್ತು ಮುಳುಗುವುದರಲ್ಲಿತ್ತು. ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ನಾವು ಬಂದದ್ದು ಗೊತ್ತಾದರೂ ಹೊರಗೆ ಬರಲಿಲ್ಲ, ಏನಾಯಿತೆಂದು ಕೇಳಲು ಅವಳಿಗೆ ಧೈರ್ಯವಿದ್ದಂತೆ ತೋರಲಿಲ್ಲ. ಕಾಕಾ ಪಡಸಾಲೆಯ ಮೇಜಿನ ಮೇಲೆ ಮಷಿನ್ ಇಟ್ಟು, ತನ್ನ ಹಳೆಯ ಸ್ಪೀಕರಿನ ಬಾಕ್ಸು ಜೋಡಿಸಿ, ಅದು ಕಾಯುವ ತನಕ ಕೈ ಕಟ್ಟಿ ಕೂತ.

ಆಮೇಲೆ ಅವನು ನುಡಿಸಿದ್ದು ಯಾವ ಹಾಡೂ ಅಲ್ಲ. ಮೇಲಿನಿಂದ ಎರಡು ಸ್ವರ ಎಳೆದಂತೆ ಕೆಳಗೆ ಜಾರಿ, ಕೊನೆಗೊಂದು ತುಸು ಮೇಲೆದ್ದು ನಿಂತಿತು. ಇದೇನು ತುಣುಕು ಎಂದು ನಾನು ಯೋಚಿಸುತ್ತಿರುವಾಗಲೇ ಒಳಗಿನಿಂದ ಚಿಗವ್ವನ ಮಾತು ಬಂತು.

"ಬಂದೆ, ತಡೀರಿ. ಕೈ ಹಿಟ್ಟಾಗೈತಿ."

ಅಷ್ಟು ಹೇಳಿದ್ದೇ ತಡ, ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಆಗ ನನಗೂ ತಿಳಿಯಿತು. 'ಏ ಗೌರೀ, ಬಾ ಇಲ್ಲೆ.' ನನ್ನ ಬಾಲ್ಯದಲ್ಲಿ ಆ ಮನೆಯೊಳಗೆ ದಿನಕ್ಕೆ ಹತ್ತು ಸಲ ಕೇಳಿಸುತ್ತಿದ್ದ ಕೂಗು. ಅದೇ ಎಳೆತ, ಅದೇ ಕೊನೆಯ ಏರು.

ಚಿಗವ್ವ ಹಿಟ್ಟಿನ ಕೈ ಮುಂದೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಕಾಕಾನನ್ನು ನೋಡಿದಳು, ಮಷಿನ್ನನ್ನು ನೋಡಿದಳು. ಕಾಕಾ ಇನ್ನೊಮ್ಮೆ ಕರೆದ, ಮೊದಲಿಗಿಂತ ಮೆಲ್ಲಗೆ. ಅವಳು ಬಂದು ಅವನ ಕಾಲ ಬಳಿ ನೆಲಕ್ಕೆ ಕೂತು, ಮುಖ ಎತ್ತಿ, "ಹೇಳ್ರಿ" ಎಂದಳು.

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ನಾನು ಎದ್ದು ಒಳಗೆ ಹೋದೆ.